ಮಾತಿನ ಡ್ಯೂಟಿ

"ಇದೇನಣ್ಣಾ, ಅರ್ಧ ತಟ್ಟೆ?" ಎಂದು ಕಂಡಕ್ಟರ್ ಕೇಳಿದ.

ಡ್ರೈವರ್ ತನ್ನ ತಟ್ಟೆ ನೋಡಿಕೊಂಡ. ವಿಮಾನ ನಿಲ್ದಾಣದಲ್ಲಿ ಕಾಯುವವರಿಗೆಂದು ವಿಮಾನ ಕಂಪನಿ ಇಟ್ಟ ಆ ಲೌಂಜಿನಲ್ಲಿ ಬೇಕಾದ್ದನ್ನು ಬೇಕಾದಷ್ಟು ಬಡಿಸಿಕೊಳ್ಳಬಹುದಿತ್ತು. ಅವನು ತಂದದ್ದು ಒಂದು ಹಿಡಿ ಅನ್ನ, ಬೇಯಿಸಿದ ತರಕಾರಿ, ಬ್ರೆಡ್ಡಿನ ಒಂದು ತುಂಡು. ಕಂಡಕ್ಟರನ ತಟ್ಟೆಯಲ್ಲಿ ಕೇಕಿಗೂ ಕಲ್ಲಂಗಡಿಗೂ ಜಾಗದ ಜಗಳ ನಡೆದಿತ್ತು.

"ರಾತ್ರಿ ಗಾಡಿ ಅಲ್ವೇನೋ. ಹೊಟ್ಟೆ ತುಂಬಿದ್ರೆ ಕಣ್ಣು ಎಳೆಯುತ್ತೆ."

"ಗಾಡಿ ಓಡ್ಸೋನು ನೀನಾ? ಅದಕ್ಕೆ ಅಂತಾನೇ ಟೈ ಕಟ್ಕೊಂಡು ಇಬ್ಬರು ಮುಂದೆ ಕೂತಿರ್ತಾರೆ. ನಿನ್ನನ್ನ ಆ ಬಾಗಿಲ ಹತ್ರಾನೂ ಸೇರಿಸಲ್ಲ."

ಇಬ್ಬರೂ ಒಂದೇ ರಾತ್ರಿ ಬಸ್ಸಿನಲ್ಲಿ ತಲೆ ನರೆಸಿಕೊಂಡವರು. ಟಿಕೆಟ್ ಕೊಟ್ಟು ಮುಗಿದು, ಒಳಗಿನ ದೀಪ ಆರಿದ ಮೇಲೆ ಕಂಡಕ್ಟರನ ನಿಜವಾದ ಕೆಲಸ ಶುರುವಾಗುತ್ತಿತ್ತು. ಬಿಸಿ ಬಾನೆಟ್ಟಿನ ಮೇಲೆ ಚೀಲ ಹಾಸಿಕೊಂಡು ಕೂತು, ಡ್ರೈವರಿಗೆ ತೂಕಡಿಕೆ ಹತ್ತದಂತೆ ಬೆಳಗಿನವರೆಗೂ ಮಾತಾಡುವುದು. ನಾದಿನಿಯ ಜಗಳ, ಹಿಂದಿನ ಸೀಟಿನವನ ಗೊರಕೆ, ಏನೂ ಸಿಗದಿದ್ದರೆ ಹಳೇ ಕತೆಗೇ ಹೊಸ ಬಾಲ. ಡ್ರೈವರ್ "ಹೂಂ" ಅನ್ನುತ್ತಿದ್ದ. "ಹೂಂ" ಸ್ವಲ್ಪ ತಡವಾದರೆ ಕಂಡಕ್ಟರನ ದನಿ ಏರುತ್ತಿತ್ತು. ಅಷ್ಟು ವರ್ಷ ಬಸ್ಸು ಒಮ್ಮೆಯೂ ರಸ್ತೆ ಬಿಟ್ಟು ಇಳಿಯಲಿಲ್ಲ. ಹೊಗಳಿಕೆಯೆಲ್ಲ ಡ್ರೈವರಿಗೆ ಸಿಕ್ಕಿತು, ಕಂಡಕ್ಟರಿಗೆ ಸಿಕ್ಕಿದ್ದು ಬಾಯಿಬಡುಕ ಅನ್ನುವ ಅಡ್ಡಹೆಸರು.

ಈಗ ಇಬ್ಬರೂ ನಿವೃತ್ತರು. ಮಂಡಿ ಕೈಕೊಟ್ಟು ಕಂಡಕ್ಟರ್ ದೂರದೇಶದ ಮಗಳ ಮನೆಗೆ ಹೊರಟಿದ್ದ. ಇನ್ನು ಅಲ್ಲೇ. "ಅಪ್ಪನ್ನ ಒಬ್ಬರನ್ನೇ ಕಳಿಸಬೇಡಿ ದೊಡ್ಡಪ್ಪ, ಯಾರ ಜೊತೆಗಾದ್ರೂ ಮಾತಿಗೆ ಕೂತು ವಿಮಾನ ತಪ್ಪಿಸ್ಕೊಳ್ತಾರೆ" ಎಂದು ಮಗಳು ಡ್ರೈವರಿಗೂ ಟಿಕೆಟ್ ಮಾಡಿಸಿದ್ದಳು. ಅವನು ಗೆಳೆಯನನ್ನು ಅಲ್ಲಿ ಬಿಟ್ಟು, ಒಂದು ವಾರ ಇದ್ದು, ಒಬ್ಬನೇ ವಾಪಸು ಬರಬೇಕು. ಆ ವಿಷಯವನ್ನು ಇಬ್ಬರೂ ಈವರೆಗೆ ಬಾಯಿಬಿಟ್ಟು ಆಡಿರಲಿಲ್ಲ.

"ಈಗಲಾದ್ರೂ ರಾತ್ರಿ ನಿದ್ದೆ ಬರುತ್ತಾ ಅಣ್ಣಾ?"

"ಎಲ್ಲಿ ಬರುತ್ತೆ? ಮನೆಯವರೆಲ್ಲ ಮಲಗಿದ ಮೇಲೆ ಒಬ್ಬನೇ ಸೂರು ನೋಡ್ತಾ ಬಿದ್ದಿರ್ತೀನಿ."

ಕಂಡಕ್ಟರನಿಗೆ ಒಬ್ಬ ಮನುಷ್ಯನ ನಿದ್ದೆಯನ್ನು ತಾನೇ ಕೈಯಾರೆ ಹಾಳುಮಾಡಿದೆನಲ್ಲ ಅನ್ನಿಸಿತು. "ನಾನು ನಿನ್ನ ತಲೆ ತಿಂದಿದ್ದು ಹೆಚ್ಚಾಯ್ತು. ಇವತ್ತೊಂದು ದಿನ ಹೊಟ್ಟೆ ತುಂಬ ತಿಂದು ಮಲ್ಕೋ. ನೀನು ನಿದ್ದೆ ಮಾಡೋದನ್ನ ಕಣ್ತುಂಬ ನೋಡ್ಕೊಂಡು ಹೋಗ್ತೀನಿ" ಎಂದು ಕುಂಟುತ್ತಾ ಹೋಗಿ ಇನ್ನೊಂದು ತಟ್ಟೆ ತುಂಬ ಗುಡ್ಡೆ ಹಾಕಿಕೊಂಡು ತಂದ. ಡ್ರೈವರ್ ಗೊಣಗುತ್ತಲೇ ಖಾಲಿ ಮಾಡಿದ. ಕಿಟಕಿಯ ಪಕ್ಕದ ಮೆತ್ತನೆ ಕುರ್ಚಿಗೆ ಒರಗಿ, ಷೂ ಕಳಚಿ ಕಾಲು ನೀಡಿದ.

ಕಂಡಕ್ಟರ್ ಅಭ್ಯಾಸಬಲದಿಂದ ಕತೆ ಶುರುಮಾಡಿದ. ತಪ್ಪು ಬಸ್ಸು ಹತ್ತಿ ನಿದ್ದೆಹೋದ ಮದುಮಗನದ್ದು. ನೂರು ಸಲ ಕೇಳಿದ ಕತೆಗೂ ಡ್ರೈವರ್ ನಿಯತ್ತಾಗಿ "ಹೂಂ" ಅಂದ. "ಹೂಂ" ತೆಳ್ಳಗಾಯಿತು. ಆಮೇಲೆ ನಿಂತೇಹೋಯಿತು. ಕಂಡಕ್ಟರನ ದನಿ ತಾನಾಗಿ ಏರಲು ಹೊರಟಿತ್ತು, ನಾಲಿಗೆ ಕಚ್ಚಿಕೊಂಡ. ಡ್ರೈವರ್ ಬಾಯಿ ತೆರೆದು ಸಣ್ಣಗೆ ಗೊರಕೆ ಹೊಡೆಯುತ್ತಿದ್ದ.

ಎಂಥ ಸುಖ ಆ ಮುಖದಲ್ಲಿ! ಕಂಡಕ್ಟರನ ಕಣ್ಣು ಒದ್ದೆಯಾಯಿತು. ಮದುಮಗನನ್ನು ಅರ್ಧ ದಾರಿಯಲ್ಲೇ ಬಿಟ್ಟು, ಉಸಿರು ಬಿಗಿಹಿಡಿದು ಸುಮ್ಮನಾದ. ಲೌಂಜಿನಲ್ಲಿ ಬೇರೆ ಸದ್ದೇ ಇರಲಿಲ್ಲ.

ತಕ್ಷಣ ಡ್ರೈವರ್ ಬೆಚ್ಚಿ ಕಣ್ಣು ಬಿಟ್ಟ. "ಯಾಕೋ ನಿಲ್ಲಿಸ್ದೆ?"

"ನಿನಗೆ ಎಚ್ಚರ ಆಗುತ್ತಲ್ಲ ಅಂತ..."

"ನೀನು ಸುಮ್ನಾದ್ರೇನೆ ಕಣೋ ನನಗೆ ಎಚ್ಚರ ಆಗೋದು."