ಮನೆಯ ಅಳಿಯನ ಪೆನ್ ಡ್ರೈವ್

ಬೆಳಿಗ್ಗೆ ಚಿತ್ತಾಪುರದ ತನ್ನ ಸ್ಟುಡಿಯೋ ಬಾಗಿಲು ತೆಗೆದ ಪ್ರಾಣೇಶನಿಗೆ ಕಂಪ್ಯೂಟರಿನಲ್ಲಿ ಒಂದು ಫೋಟೋವೂ ತೆರೆಯಲಿಲ್ಲ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಇದ್ದವು. ನಿಮ್ಮ ಫೈಲುಗಳಿಗೆಲ್ಲ ಬೀಗ ಹಾಕಿದ್ದೇವೆ, ಕೀಲಿ ಬೇಕಾದರೆ ದುಡ್ಡು ಕಳಿಸಿ. ರಿಪೇರಿಯವನು ಬಂದು ನೋಡಿ, ಕೊಟ್ಟರೂ ಕೀಲಿ ಸಿಗುವ ಭರವಸೆಯಿಲ್ಲ ಎಂದು ಕೈಚೆಲ್ಲಿ ಹೋದ.

ಹೆಂಡತಿ ಪ್ರಮಿತಾ ದಿನಾ ಸಂಜೆ ಎಲ್ಲ ಫೋಟೋಗಳನ್ನೂ ಇನ್ನೊಂದು ಹಾರ್ಡ್ ಡಿಸ್ಕಿಗೆ ಇಳಿಸಿ ಮನೆಗೆ ಒಯ್ಯುತ್ತಿದ್ದಳು. ನಿನ್ನೆಯೂ ಇಳಿಸುತ್ತಿದ್ದಾಗಲೇ ಪ್ರಾಣೇಶನ ತಂಗಿಯ ಗಂಡ ವಾಡಿಯಿಂದ ಬಂದ. ಕೈಯಲ್ಲಿ ಪೆನ್ ಡ್ರೈವ್, ಅದರಲ್ಲಿರುವ ಫೋಟೋ ಈಗಲೇ ಪ್ರಿಂಟ್ ಆಗಬೇಕು. ಮನೆಯ ಈ ಅಳಿಯನನ್ನು ಕಂಡರೆ ಪ್ರಾಣೇಶನ ಬೆನ್ನು ತಾನಾಗಿಯೇ ಬಾಗುತ್ತದೆ.

"ಅದರಾಗ ವೈರಸ್ ಅದ ಏನ ಅಂತ ಮೊದಲ ಚೆಕ್ ಮಾಡಿಸೋಣ್ರಿ. ಇಲ್ಲಾಂದ್ರ ನಮ್ಮ ಡಿಸ್ಕರ ತೆಗಿತೀನಿ, ತಡೀರಿ" ಅಂದಳು ಪ್ರಮಿತಾ.

"ಮನಿ ಅಳಿಯಂದ್ರು ಹೊರಗಿನವರೇನ? ಮರ್ಯಾದಿ ಗೊತ್ತಿಲ್ಲೇನ್ ನಿನಗ? ಚಾ ಮಾಡು, ಹೋಗು!"

ಪ್ರಾಣೇಶ ಅಳಿಯನ ಎದುರೇ ಗದರಿಸಿ, ಪೆನ್ ಡ್ರೈವ್ ಸಿಕ್ಕಿಸಿ ಪ್ರಿಂಟ್ ತೆಗೆದುಕೊಟ್ಟ. ಡಿಸ್ಕನ್ನೂ ತೆಗೆಯಲಿಲ್ಲ, ಕಂಪ್ಯೂಟರನ್ನೂ ಆರಿಸಲಿಲ್ಲ. ಅಳಿಯನ ಹೆಗಲ ಮೇಲೆ ಕೈಹಾಕಿಕೊಂಡು ಊಟಕ್ಕೆ ಹೋದ. ಈಗ ಎರಡಕ್ಕೂ ಬೀಗ.

ಅಷ್ಟರಲ್ಲಿ ತೆಂಗಳಿಯ ಶಿವಕಾಂತಮ್ಮ ಮಗಳ ಮದುವೆಯ ಆಲ್ಬಂ ಒಯ್ಯಲು ಬಂದರು. ಬಸ್ಸಿನ ದಣಿವಿದ್ದರೂ ಮುಖ ಅರಳಿತ್ತು.

"ಲಗು ತೋರಸ್ರಿ ಸರ. ಮದುವಿ ದಿನ ಪೂರಾ ನಾ ಅಡಗಿ ಕಡೀನೇ ಇದ್ದೆ. ಮಗಳ ತಲಿಮ್ಯಾಲ ಅಕ್ಕಿಕಾಳು ಬಿದ್ದದ್ದೂ ನೋಡಿಲ್ಲ ನೋಡ್ರಿ. ಫೋಟೋದಾಗರ ನೋಡ್ತೀನಿ."

ಪ್ರಾಣೇಶ ಪರದೆಯನ್ನು ಗೋಡೆಯ ಕಡೆ ತಿರುಗಿಸಿದ. "ಫೋಟೋ... ಎಲ್ಲಾ ಹೋಗ್ಯಾವ್ರಿ ಅಮ್ಮಾರ."

"ಹ್ಯಾಂಗ ಹೋದ್ವರಿ?"

ನಿಜ ಹೇಳಲು ಬಾಯಿ ತೆರೆದ. ಹೊರಗೆ ಬಂದದ್ದು ಬೇರೆ ಮಾತು. "ಇಕಿ... ಗೊತ್ತಾಗಲಾರದ ಏನೋ ಒತ್ಯಾಳ್ರಿ."

ಮೂಲೆಯಲ್ಲಿ ಕೂತಿದ್ದ ಪ್ರಮಿತಾ ತಲೆಯೆತ್ತಿ ಗಂಡನನ್ನೊಮ್ಮೆ ನೋಡಿದಳು. ನಾಚಿಕೆಗೆ ಪ್ರಾಣೇಶನ ಕಿವಿಯೆಲ್ಲ ಬಿಸಿಯಾಯಿತು. ಸುಳ್ಳು ಹೇಳಿದೆ ಅನ್ನಲು ಇನ್ನೂ ಹೊತ್ತು ಮೀರಿರಲಿಲ್ಲ, ಆದರೆ ನಾಲಿಗೆ ಏಳಲಿಲ್ಲ.

ಶಿವಕಾಂತಮ್ಮ ಸ್ಟೂಲಿನ ಮೇಲೆ ಕುಸಿದು ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಆಮೇಲೆ ಕಣ್ಣೊರೆಸಿಕೊಂಡು ಎದ್ದು, ಪ್ರಮಿತಾಳ ಹತ್ತಿರ ಹೋಗಿ ಅವಳ ಕೈ ಹಿಡಿದುಕೊಂಡರು.

"ಸರ, ನಾ ಹೋದಮ್ಯಾಲ ಈಕಿಗಿ ಬೈಬ್ಯಾಡ್ರಿ. ಹೆಣ್ಣಮಗಳು, ಪಾಪ, ನನ್ನ ಮಗಳ ವಾರಗಿ ಅದಾಳ. ಬೈಯಂಗಿಲ್ಲ ಅಂತ ನನ್ನ ಮುಂದ ಹೇಳ್ರಿ."

ಅವರು ಉತ್ತರಕ್ಕೆ ಕಾಯುತ್ತ ನಿಂತರು.

"ಇಲ್ರಿ" ಅಂದ ಪ್ರಾಣೇಶ. "ಬೈಯಂಗಿಲ್ಲ."