ಹನ್ನೊಂದನೇ ಮಂಚದ ಅಭಿಪ್ರಾಯ

ಕರಕರ. ರಾತ್ರಿ ಎರಡು ಗಂಟೆಗೆ ಕ್ಯಾನ್ಸರ್ ವಾರ್ಡಿನಲ್ಲಿ ಪೆನ್ನಿನ ಸದ್ದು.

ನರ್ಸ್ ತಲೆಯೆತ್ತಿದಳು. ಹನ್ನೊಂದನೇ ಮಂಚದ ಅಜ್ಜಿ ಮೊಬೈಲಿನ ಬೆಳಕಿನಲ್ಲಿ ಹಾಳೆಯೊಂದನ್ನು ತುಂಬುತ್ತಿದ್ದರು. 'ನಮ್ಮ ಸೇವೆ ನಿಮಗೆ ತೃಪ್ತಿ ತಂದಿದೆಯೇ?' ಡಿಸ್ಚಾರ್ಜಿನ ಹಿಂದಿನ ದಿನ ಪ್ರತಿ ಮಂಚಕ್ಕೂ ಕೊಡುವ ಹಾಳೆ.

ನರ್ಸಿನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. "ಈ ತಿಂಗಳು ಒಂದು ದೂರು ಬಂದ್ರೂ ನಿನ್ನ ದಾರಿ ನೀನು ನೋಡ್ಕೋ," ಎಂದಿದ್ದರು ಮೇಲ್ವಿಚಾರಕಿ. ಈ ವಾರ್ಡಿಗೆ ಬಂದು ನಾಲ್ಕೇ ರಾತ್ರಿ. ನಲವತ್ತು ಮಂಚ, ಒಬ್ಬಳೇ. ಮಂಚದ ಸಂಖ್ಯೆ ನೋಡು, ಸೂಜಿ ಚುಚ್ಚು, ಸಹಿ ಹಾಕು. ಎರಡನೇ ರಾತ್ರಿ ಕುರ್ಚಿಯಲ್ಲೇ ಕಣ್ಣು ಹತ್ತಿ, ಹನ್ನೊಂದರ ನೋವಿನ ಇಂಜೆಕ್ಷನ್ ಒಂದು ಗಂಟೆ ತಡವಾಗಿತ್ತು.

"ಏನಜ್ಜಿ, ನಿದ್ದೆ ಬರ್ಲಿಲ್ವಾ?"

"ನಿನ್ನ ಜಾತಕ ಬರೀತಿದೀನಿ ಕಣಮ್ಮ."

"ಒಳ್ಳೇದು ಬರೀರಿ."

"ಇದ್ದದ್ದು ಇದ್ದ ಹಾಗೆ ಬರೀತೀನಿ."

ಬೆಳಕು ಆರಿತು. ಮರುಗಳಿಗೆ ಗೊರಕೆ.

ಕೆಳಗೆ ಚಾಪೆಯ ಮೇಲೆ ಮಗಳು ತಲೆತುಂಬ ಹೊದ್ದು ಮುದುಡಿದ್ದಳು. ನಾಲ್ಕು ರಾತ್ರಿಯೂ ಇದೇ ಅಳು. "ಸಿಸ್ಟರ್, ನೋವಿಗೆ ಇಂಜೆಕ್ಷನ್..."

"ಆಗ್ಲೇ ಕೊಟ್ಟಾಯ್ತಮ್ಮ. ರಾತ್ರಿಗೆ ಒಂದೇ. ಸ್ವಲ್ಪ ಮನಸ್ಸು ಗಟ್ಟಿ ಮಾಡ್ಕೋ, ಅಮ್ಮನಿಗೆ ಕೇಳ್ಸುತ್ತೆ."

ಮಗಳು ಹೊದಿಕೆಯ ಅಂಚು ಕಚ್ಚಿಕೊಂಡಳು.

ಬೆಳಿಗ್ಗೆ ತಾಯಿ ಮಗಳು ಹೊರಟುಹೋದ ಮೇಲೆ, ಮೇಲ್ವಿಚಾರಕಿ ಬರುವ ಮುಂಚೆ, ನರ್ಸ್ ಅಭಿಪ್ರಾಯದ ಪೆಟ್ಟಿಗೆಯಿಂದ ಆ ಹಾಳೆಯನ್ನು ಕದ್ದು ತೆಗೆದಳು.

ಕರೆದಾಗ ಬಂದರೇ? ಬಂದರು. ನಯವಾಗಿ ಮಾತನಾಡಿದರೇ? ಮಗಳ ಹಾಗೆ. ಔಷಧಿ ಕೊಡುವ ಮುನ್ನ ಹೆಸರು ಕೇಳಿದರೇ? ಇಲ್ಲ, ಮುಖ ನೋಡಿದರೆ ಸಾಲದೇ? ಒಟ್ಟಾರೆ: ತುಂಬಾ ತೃಪ್ತಿ.

ಹೋದ ಜೀವ ಬಂದಂತಾಯಿತು. ತಡವಾದದ್ದರ ಸುದ್ದಿಯೇ ಇಲ್ಲ. ಇದೊಂದು ಹಾಳೆ ಸಾಕು, ಕೆಲಸ ಗಟ್ಟಿ. ನಗುತ್ತಲೇ ಹಾಳೆ ಮಗುಚಿದಳು. ಹಿಂದೆ ಇನ್ನೂ ನಾಲ್ಕು ಸಾಲಿತ್ತು.

'ಮೊಣಕಾಲು ನೋವಿನ ನನಗೆ ನೆಲ ಆಗದೆಂದು ಮಗಳು ತನ್ನ ಮಂಚ ಬಿಟ್ಟುಕೊಟ್ಟು ತಾನು ಚಾಪೆಯ ಮೇಲೆ ಮಲಗುತ್ತಿದ್ದಳು. ರೋಗಿ ಅವಳಾದರೂ, ರಾತ್ರಿಯ ಸಿಸ್ಟರ್ ದಿನವೂ ಕೇಳದೆಯೇ ನನ್ನ ಮೊಣಕಾಲಿಗೂ ಒಂದು ಇಂಜೆಕ್ಷನ್ ಕೊಟ್ಟರು. ನಾಲ್ಕು ರಾತ್ರಿ ಹಾಯಾಗಿ ನಿದ್ದೆ ಮಾಡಿದೆ. ಪಾಪ, ಮಗಳಿಗೆ ಮಾತ್ರ ಆ ಔಷಧಿ ಹತ್ತಲೇ ಇಲ್ಲ.'

ನರ್ಸ್ ಹಾಳೆಯನ್ನು ಸಣ್ಣಗೆ ಮಡಚಿ ಜೇಬಿಗೆ ಸೇರಿಸಿದಳು. ಯಾರಿಗೂ ಹೇಳುವುದಿಲ್ಲ, ಚಾಪೆಯ ಮೇಲೆ ಮಲಗಿದ್ದವಳಿಗಂತೂ ಇಲ್ಲವೇ ಇಲ್ಲ.