ಬಡೇಸಾಬನ ಮೊದಲ ರೆಕಾರ್ಡು

ಸ್ಯಾಕ್ಸೊಫೋನಿನ ಬಾಯಿಗೆ ಕಟ್ಟುವ ತೆಳು ರೀಡನ್ನು ನಾಲಿಗೆಯ ಮೇಲೆ ನೆನೆಸುತ್ತ ನಿಂತಿದ್ದ ಬಡೇಸಾಬನಿಗೆ ಚಪ್ಪರದ ಸ್ಪೀಕರಿನಿಂದ ತನ್ನದೇ ವಾದನ ಕೇಳಿಸಿತು. ಮುಂಬೈಗೆ ಹೋಗಿ ನುಡಿಸಿ ಬಂದಿದ್ದ ಅವನ ಮೊದಲ ರೆಕಾರ್ಡು ನಿನ್ನೆಯಷ್ಟೇ ಬೈಲಹೊಂಗಲದ ಮನೆಗೆ ಅಂಚೆಯಲ್ಲಿ ಬಂದಿತ್ತು. ನೇಸರಗಿಯ ಈ ಮದುವೆಯಲ್ಲಿ ಬ್ಯಾಂಡು ಶುರುವಾಗುವ ಮೊದಲು ಜನ ಒಮ್ಮೆ ಕೇಳಲಿ ಎಂದು ಅವನೇ ಅದನ್ನು ಸ್ಪೀಕರಿನ ಖಾಸಿಮಸಾಬನಿಗೆ ಕೊಟ್ಟಿದ್ದ. ಒಂದು ಸ್ವರವೂ ನಡುಗಿರಲಿಲ್ಲ.

ಹೆಣ್ಣಿನ ತಂದೆ ತ್ರ್ಯಂಬಕರಾಯರು ಹುಡುಕಿಕೊಂಡು ಬಂದರು. "ಇಷ್ಟ ಛಲೋ ಯಾರು ಊದ್ಯಾರಪಾ?"

ಬಡೇಸಾಬ ಬಾಯಿಯಿಂದ ರೀಡು ತೆಗೆದ. "ನಾನಽರೀ, ರಾಯರ."

"ಹೌದ? ಹಂಗಿದ್ರ ಅಕ್ಷತಿಗೂ ಇದನ್ನಽ ಹಚ್ಚೂಣು. ನೀವು ಯಾಕ ದಣೀತೀರಿ? ನಿಮ್ಮ ಮಂದೀನ ಕರಕೊಂಡು ಆರಾಮ ಊಟಕ್ಕ ಕುಂಡ್ರಿ. ಮುಂದಿನ ವಾರ ಸವದತ್ತ್ಯಾಗ ತಮ್ಮನ ಮಗಳ ಲಗ್ನ ಅದ. ಅಲ್ಲೂ ಇದನ್ನಽ ಹಚ್ಚಸ್ತೇನಿ." ಅವರು ಪ್ರೀತಿಯಿಂದಲೇ ಅವನ ಬೆನ್ನು ತಟ್ಟಿ ಹೋದರು. ಬ್ಯಾಂಡಿನ ಐದು ಮಂದಿ ಕೆಂಪು ಕೋಟಿನ ಗುಂಡಿ ಬಿಚ್ಚತೊಡಗಿದರು. ಅವನ ಮುಖವನ್ನು ಯಾರೂ ನೋಡಲಿಲ್ಲ.

ರೆಕಾರ್ಡು ಮುಗಿದು ಮುಳ್ಳು ಕರಕರ ಎನ್ನತೊಡಗಿತು. ಕಂಬ ಹತ್ತಿ ವೈರು ಬಿಗಿಯುತ್ತಿದ್ದ ಖಾಸಿಮಸಾಬ ಮೇಲಿನಿಂದಲೇ ಕೂಗಿದ. "ಬಡೇಭಾಯ್, ಅಕ್ಷತಿ ಹೊತ್ತಾತು! ಸ್ವಲ್ಪ ಅದನ್ನ ಹೊಳ್ಳಿಸಿ ಹಾಕ್ರಿ."

ಬಡೇಸಾಬ ಒದ್ದೆ ರೀಡನ್ನು ಕಿಸೆಗೆ ಹಾಕಿದ. ಗೆರೆಗಳಿಗೆ ಬೆರಳು ತಾಗದಂತೆ ಎರಡೂ ಕೈಯಲ್ಲಿ ರೆಕಾರ್ಡನ್ನು ಹೊರಳಿಸಿ ಮುಳ್ಳು ಇಟ್ಟ. ಮೊದಲ ಸ್ವರಕ್ಕೂ ಮುನ್ನ ಅಂದು ಮುಂಬೈಯಲ್ಲಿ ತಾನು ಎಳೆದುಕೊಂಡಿದ್ದ ಉಸಿರು ಸ್ಪೀಕರಿನಲ್ಲಿ ಕೇಳಿಸಿತು. ಜನ ಅಕ್ಷತೆ ಎಸೆದರು. ಅಭ್ಯಾಸಬಲದಿಂದ ಬಡೇಸಾಬನೂ ಎದೆ ತುಂಬ ಉಸಿರೆಳೆದುಕೊಂಡಿದ್ದ. ಅದನ್ನು ಊದಲು ಜಾಗವಿರಲಿಲ್ಲ.